ಎಂಟು ತಿಂಗಳ ಹುಣ್ಣಿಗೂ ಟಿಟಿ ಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ಕಾಲಿನ ಹೆಬ್ಬೆರಳಿನ ಕೆಳಗೆ ಎಂಟು ತಿಂಗಳಿಂದ ಒಂದು ಹುಣ್ಣು. ಡ್ರೆಸ್ಸಿಂಗ್ ಮಾಡಿಸುತ್ತಲೇ ಇದ್ದೇವೆ, ಮಾಯುತ್ತಿಲ್ಲ. ಹೀಗಿದ್ದೂ ಕೊಟ್ಟಿಗೆ ಕೆಲಸ ಬಿಡುವುದಿಲ್ಲ. ಟಿಟಿ ಹಾಕಿಸೋಣ ಅಂದರೆ "ಇದೇನು ತುಕ್ಕು ಮೊಳೆ ಚುಚ್ಚಿದ್ದಾ?" ಅಂತಾರೆ. ಪಕ್ಕದ ಮನೆಯವರು ಆರು ತಿಂಗಳಿಗೊಮ್ಮೆ ಹಾಕಿಸಲೇಬೇಕು ಅಂತಾರೆ. ಯಾರ ಮಾತು ಕೇಳೋಣ?
– ಓದುಗರು, ಅರಸೀಕೆರೆ

ಉತ್ತರ: ಇಬ್ಬರ ಮಾತೂ ಬೇಡ.

ಟಿಟಿ ಅಂದರೆ ಧನುರ್ವಾಯು (ಟೆಟನಸ್) ತಡೆಯುವ ಲಸಿಕೆ. ಮೊದಲು ನಿಮ್ಮ ತಂದೆಯವರ ವಾದ. ತುಕ್ಕಿಗೂ ಧನುರ್ವಾಯುವಿಗೂ ನೇರ ಸಂಬಂಧವೇ ಇಲ್ಲ. ಈ ರೋಗಾಣು ಇರುವುದು ಮಣ್ಣಿನಲ್ಲಿ, ಧೂಳಿನಲ್ಲಿ, ದನ ಕುದುರೆಗಳ ಸಗಣಿ ಲದ್ದಿಯಲ್ಲಿ. ಒಣಗಿದ ಬೀಜದ ಹಾಗೆ ವರ್ಷಗಟ್ಟಲೆ ಸುಮ್ನೆ ಬಿದ್ದಿರುತ್ತದೆ. ಗಾಳಿ ಆಡದ ಜಾಗ ಸಿಕ್ಕಿದಾಗ ಮಾತ್ರ ಚಿಗುರಿ ವಿಷ ಬಿಡುತ್ತದೆ. ಮೊಳೆ ಚುಚ್ಚಿದ ಆಳವಾದ ತೂತು ಅಂಥ ಒಂದು ಜಾಗ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣೂ ಅಂಥದ್ದೇ: ರಕ್ತ ಸರಿಯಾಗಿ ಹರಿಯುವುದಿಲ್ಲ, ತಳದಲ್ಲಿ ಸತ್ತ ಮಾಂಸ ಉಳಿದಿರುತ್ತದೆ, ಜೊತೆಗೆ ಸ್ಪರ್ಶವೇ ತಿಳಿಯದೆ ಹೊಸದಾಗಿ ಏನಾದರೂ ಚುಚ್ಚಿದರೂ ಗೊತ್ತಾಗುವುದಿಲ್ಲ. ಅದೇ ಕಾಲಿನಲ್ಲಿ ದಿನಾ ಕೊಟ್ಟಿಗೆಗೆ ಹೋಗುತ್ತಾರೆ ಬೇರೆ. ಉಬ್ಬಿದ ರಕ್ತನಾಳದಿಂದ ಆದ ಹುಣ್ಣು, ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣು, ಇವುಗಳಿಂದಲೂ ಧನುರ್ವಾಯು ಬಂದದ್ದು ಇದೆ.

ತೊಂದರೆ ಏನೆಂದರೆ, ಇಂಥ ಹುಣ್ಣಿಗೆ ತಾರೀಖು ಇರುವುದಿಲ್ಲ. ಕುಡುಗೋಲು ತಾಗಿದರೆ ಅವತ್ತೇ ಆಸ್ಪತ್ರೆಗೆ ಓಡುತ್ತೇವೆ, ಯಾರಾದರೂ ಟಿಟಿ ನೆನಪಿಸುತ್ತಾರೆ. ಬೊಬ್ಬೆ ಎದ್ದು, ಒಡೆದು, ನಿಧಾನವಾಗಿ ಹುಣ್ಣಾದರೆ ಆ ಪ್ರಶ್ನೆ ಯಾವತ್ತು ಕೇಳಬೇಕು ಹೇಳಿ? ಡ್ರೆಸ್ಸಿಂಗ್ ಆಗುತ್ತದೆ, ಶುಗರ್ ನೋಡುತ್ತಾರೆ, ಲಸಿಕೆ ಮರೆತೇ ಹೋಗುತ್ತದೆ. ಹಾಗಾಗಿ ಗಾಯ ಯಾವಾಗ ಆಯಿತು ಅನ್ನುವುದನ್ನು ಬಿಡಿ. ಇವರು ಜೀವಮಾನದಲ್ಲಿ ಒಟ್ಟು ಎಷ್ಟು ಡೋಸ್ ತೆಗೆದುಕೊಂಡಿದ್ದಾರೆ, ಕೊನೆಯದು ಯಾವಾಗ? ಕೇಳಬೇಕಾದ್ದು ಇಷ್ಟೇ.

ನಮ್ಮ ದೇಶದಲ್ಲಿ ಮಕ್ಕಳಿಗೆ ಸರ್ಕಾರದ ಲಸಿಕೆ ಕಾರ್ಯಕ್ರಮ ಶುರುವಾದದ್ದೇ 1978ರಲ್ಲಿ. ನಿಮ್ಮ ತಂದೆ ಆಗಲೇ ಮಗುವಲ್ಲ. ಹೆಂಗಸರಿಗಾದರೆ ಬಸುರಿಯಾಗಿದ್ದಾಗ ಟಿಟಿ ಸಿಕ್ಕಿರುವ ಸಾಧ್ಯತೆ ಜಾಸ್ತಿ, ಅವರ ವಯಸ್ಸಿನ ಗಂಡಸರಿಗೆ ಅದೂ ಇಲ್ಲ. ಗಾಯವಾದಾಗ ಯಾವಾಗಲೋ ಒಂದು ಸೂಜಿ ಬಿದ್ದಿರಬಹುದು, ಆದರೆ ಪೂರ್ತಿ ಕೋರ್ಸ್ ಮಾಡಿಸಿದವರು ಕಡಿಮೆ. ಬಾಲ್ಯದಲ್ಲಿ ಹಾಕಿಸಿಕೊಂಡವರಲ್ಲೂ ವಯಸ್ಸಾದ ಹಾಗೆ ಲಸಿಕೆ ಕೊಟ್ಟ ರಕ್ಷಣೆ ಇಳಿಯುತ್ತದೆ.

ಚೀಟಿ, ಕಾರ್ಡು ಯಾವುದೂ ಇಲ್ಲ ಅಂದರೆ ಮೂರು ಡೋಸಿನ ಕೋರ್ಸ್ ಮಾಡಿಸಿ: ಇವತ್ತು ಒಂದು, ನಾಲ್ಕು ವಾರ ಬಿಟ್ಟು ಇನ್ನೊಂದು, ಅದಾಗಿ ಆರರಿಂದ ಹನ್ನೆರಡು ತಿಂಗಳೊಳಗೆ ಮೂರನೆಯದು. ಮೂರು ಡೋಸ್ ಆಗಿರುವುದಕ್ಕೆ ದಾಖಲೆ ಇದ್ದರೆ ಕತೆ ಬೇರೆ. ಇವರ ಹುಣ್ಣನ್ನು ಕೊಳೆಯಾದ ಗಾಯ ಅಂತಲೇ ಎಣಿಸಬೇಕು, ಆದ್ದರಿಂದ ಕೊನೆಯ ಡೋಸ್ ಆಗಿ ಐದು ವರ್ಷ ದಾಟಿದ್ದರೆ ಒಂದು ಬೂಸ್ಟರ್ ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈಗ ಟಿಟಿ ಬದಲು ಟಿಡಿ ಕೊಡುತ್ತಾರೆ, ಗಾಬರಿ ಬೇಡ, ಅದರಲ್ಲಿ ಗಂಟಲಮಾರಿಯ ಲಸಿಕೆಯೂ ಸೇರಿದೆ ಅಷ್ಟೇ. ಶುಗರ್ ಇಳಿಯಲಿ ಅಂತ ಕಾಯುತ್ತಾ ಕೂರಬೇಡಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಮಾತ್ರ ನರ್ಸ್‌ಗೆ ಮೊದಲೇ ಹೇಳಿ.

ಲಸಿಕೆ ಹಾಕಿದ ತಕ್ಷಣ ರಕ್ಷಣೆ ಬರುವುದಿಲ್ಲ, ಅದರಲ್ಲೂ ಮೊದಲ ಡೋಸ್‌ಗೆ. ಹಿಂದೆ ಲಸಿಕೆಯೇ ಆಗಿಲ್ಲ, ಹುಣ್ಣಿನಲ್ಲಿ ಕಪ್ಪಾದ ಮಾಂಸವಿದೆ, ಸಗಣಿ ಮಣ್ಣು ಸೇರಿದೆ ಅಂದರೆ ಡಾಕ್ಟರ್ ಟೆಟನಸ್ ಇಮ್ಯುನೋಗ್ಲಾಬುಲಿನ್ ಅನ್ನುವ ಇನ್ನೊಂದು ಇಂಜೆಕ್ಷನ್ ಸೇರಿಸಬಹುದು. ಮಾಮೂಲು 250 ಯೂನಿಟ್, ಲಸಿಕೆ ಹಾಕಿದ್ದು ಬಿಟ್ಟು ಬೇರೆ ಜಾಗಕ್ಕೆ. ಅದು ಸಿದ್ಧ ಪ್ರತಿವಿಷ, ಕೆಲವು ವಾರ ರಕ್ಷಣೆ ಕೊಡುತ್ತದೆ. ಬರೀ ಆಂಟಿಬಯೋಟಿಕ್ ಮಾತ್ರೆ ಇವೆರಡರ ಕೆಲಸ ಮಾಡುವುದಿಲ್ಲ. ಸತ್ತ ಮಾಂಸ ತೆಗೆಸುವುದನ್ನೂ ಮುಂದೂಡಬೇಡಿ, ರೋಗಾಣು ಅಡಗುವುದೇ ಅಲ್ಲಿ. ಹುಣ್ಣಿಗೆ ಕಾಫಿಪುಡಿ, ನಶ್ಯ, ಬೂದಿ ಮೆತ್ತುವುದು ಇನ್ನೂ ಇದೆ ಅಂತ ನನಗೆ ಗೊತ್ತು, ದಯವಿಟ್ಟು ಬೇಡ.

ಇನ್ನು ಪಕ್ಕದ ಮನೆಯವರ ಆರು ತಿಂಗಳ ಲೆಕ್ಕ. ಎಲ್ಲಿಂದ ಬಂತೋ, ಊರೂರಲ್ಲೂ ಇದೆ. ಕೋರ್ಸ್ ಮುಗಿದವರಿಗೆ ಹೀಗೆ ಮೇಲಿಂದ ಮೇಲೆ ಚುಚ್ಚಿಸಿದರೆ ರಕ್ಷಣೆ ಹೆಚ್ಚುವುದಿಲ್ಲ, ತೋಳು ಭುಜದಿಂದ ಮೊಣಕೈವರೆಗೂ ಊದಿಕೊಂಡು ನೋಯಬಹುದು. ಗಾಯವಿಲ್ಲದಿದ್ದರೆ ಹತ್ತು ವರ್ಷಕ್ಕೊಂದು ಸಾಕು.

ದವಡೆ ಬಿಗಿಯುವುದು, ನುಂಗಲು ಕಷ್ಟ, ಕತ್ತು ಬೆನ್ನು ಸೆಡೆತ, ಇವುಗಳಲ್ಲಿ ಒಂದು ಕಂಡರೂ ನಾಳೆಗೆ ಬಿಡದೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ನಮ್ಮ ಮಾವನಿಗೆ ಎರಡು ವರ್ಷದ ಹಿಂದೆ ಧನುರ್ವಾಯು ಬಂದು ಐಸಿಯುನಲ್ಲಿದ್ದು ಉಳಿದುಕೊಂಡರು. ಒಮ್ಮೆ ಬಂದ ಮೇಲೆ ಮತ್ತೆ ಬರಲ್ಲ ಅಲ್ವಾ?
– ಓದುಗರು, ಶಿರಸಿ

ಉತ್ತರ: ಬರಬಹುದು. ಸಿಡುಬಿನ ಹಾಗಲ್ಲ ಇದು. ಈ ವಿಷ ಎಷ್ಟು ತೀಕ್ಷ್ಣ ಅಂದರೆ, ಜೀವಕ್ಕೇ ಅಪಾಯ ತರುವ ಪ್ರಮಾಣವೂ ನಮ್ಮ ದೇಹ ಅದನ್ನು ಗುರುತಿಟ್ಟುಕೊಳ್ಳಲು ಸಾಲದಷ್ಟು ಚಿಕ್ಕದು. ಊರಿನವರೆಲ್ಲ ಲಸಿಕೆ ಹಾಕಿಸಿಕೊಂಡಿದ್ದರೂ ನಿಮ್ಮ ಮಾವನಿಗೆ ಉಪಯೋಗವಿಲ್ಲ, ಯಾಕೆಂದರೆ ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಲ್ಲ, ಮಣ್ಣಿನಿಂದ ಬರುವುದು. ಆಸ್ಪತ್ರೆಯಿಂದ ಬರುವಾಗ ಕೊಟ್ಟ ಚೀಟಿ ಹುಡುಕಿ, ಅಲ್ಲಿ ಎಷ್ಟು ಡೋಸ್ ಆಗಿದೆ ನೋಡಿ. ಮೂರು ಆಗಿಲ್ಲದಿದ್ದರೆ ಉಳಿದದ್ದನ್ನು ಈಗ ಮುಗಿಸಿ. ನಡುವೆ ಎಷ್ಟು ಕಾಲ ತಪ್ಪಿದ್ದರೂ ಮೊದಲಿನಿಂದ ಶುರು ಮಾಡಬೇಕಿಲ್ಲ.