ಬೇಸಿಗೆ ರಜೆಗೆ ಹೈಸ್ಕೂಲ್ ಮಕ್ಕಳಿಗೆ ಲೈಬ್ರರಿಯಿಂದ ಯಾವ ಪುಸ್ತಕ ಕೊಡಬೇಕು?

ಪಟ್ಟಿ ಆಮೇಲೆ ಹೇಳ್ತೀನಿ. ಮೊದಲು ಆ ಸಹಿಯ ಕಾಲಂ ತೆಗೀರಿ.

ಪಂಚಾಯ್ತಿ ಅರಿವು ಕೇಂದ್ರಕ್ಕೆ, ಅಂದರೆ ಊರ ಲೈಬ್ರರಿಗೆ, ಹೊಸದಾಗಿ ಕೆಲಸಕ್ಕೆ ಸೇರಿದ್ದೀರಿ. ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳಿಗೆ ಇಪ್ಪತ್ತು ಪುಸ್ತಕ ಆರಿಸಬೇಕು, ಓದಿದ್ದನ್ನು ಡೈರಿಯಲ್ಲಿ ಬರೆಸಿ ವಾರಕ್ಕೊಮ್ಮೆ ಅಪ್ಪನದೋ ಅಮ್ಮನದೋ ಸಹಿ ಹಾಕಿಸಬೇಕು ಅಂದಿದ್ದೀರಿ. ಅದನ್ನು ಓದುತ್ತಿದ್ದ ಹಾಗೇ ನನ್ನ ಮೂಗಿಗೆ ಬಿಸಿ ರಾಗಿ ಹಿಟ್ಟಿನ ವಾಸನೆ ಹೊಡೀತು. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

2009ರ ಬೇಸಿಗೆ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರಿನ ಲೈಬ್ರರಿಯಲ್ಲಿ ನಾನು ದಿನಗೂಲಿ ಸಹಾಯಕಿ. ಇರೋದೊಂದೇ ಹಾಲು. ಬಾಗಿಲ ಹತ್ತಿರದ ಉದ್ದ ಮೇಜಿನಲ್ಲಿ ಪೆನ್ಷನ್ ಯಜಮಾನರು, ಒಂದೇ ಪೇಪರನ್ನು ನಾಲ್ಕು ಹಾಳೆ ಮಾಡಿ ಹಂಚಿಕೊಂಡು, ಪಕ್ಕದವರ ಹಾಳೆಗೆ ಕಾಯುತ್ತಾ ಕೂತಿರುವವರು. ಕಿಟಕಿ ಕಡೆ ಎಫ್‌ಡಿಎ, ಪಿಎಸ್‌ಐ ಥರದ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಹುಡುಗರು. ಅವರಿಗೆ ನಮ್ಮ ಪುಸ್ತಕ ಒಂದೂ ಬೇಡ, ಗೈಡು ಮನೆಯಿಂದಲೇ ತರುತ್ತಿದ್ದರು, ಫ್ಯಾನು ಮತ್ತು ಕುರ್ಚಿ ಸಾಕು. ಮೂಲೆಯಲ್ಲಿ ಮಕ್ಕಳ ವಿಭಾಗ: ಮೊಣಕಾಲೆತ್ತರದ ಬಣ್ಣದ ಕುರ್ಚಿ, ಪಂಚತಂತ್ರ, ಮೂಲೆ ಹರಿದ ಚಿತ್ರದ ಪುಸ್ತಕ. ಹದಿನಾಲ್ಕು ಹದಿನೈದರ ಮಕ್ಕಳು ಬಂದರೆ ಎಲ್ಲಿ ಕೂರಬೇಕು? ಆ ಸಣ್ಣ ಕುರ್ಚಿಯಲ್ಲಿ ಕೂತರೆ ಮಂಡಿ ಗದ್ದಕ್ಕೆ ಬರುತ್ತಿತ್ತು, ದೊಡ್ಡವರ ಮೇಜಿಗೆ ಹೋದರೆ ಯಾರೋ ಒಬ್ಬರು ತಲೆಯೆತ್ತಿ "ಏನಪ್ಪ, ಇಲ್ಲೇನು ಕೆಲಸ?" ಅನ್ನುತ್ತಿದ್ದರು. ಆ ವಯಸ್ಸಿನವರು ಓದಲ್ಲ ಅಂತ ಎಲ್ಲರೂ ಗೋಳಾಡ್ತಾರೆ. ನಿಮ್ಮ ಪ್ರಶ್ನೆಯಲ್ಲೂ ಮೊಬೈಲಿನ ಮೇಲೆ ಒಂದು ಸಾಲು ದೂರಿದೆ. ನಮ್ಮಲ್ಲಿ ಆಗ ಯಾವ ಹುಡುಗರ ಕೈಯಲ್ಲೂ ಮೊಬೈಲಿರಲಿಲ್ಲ, ಆದರೂ ಬರುತ್ತಿರಲಿಲ್ಲ.

ಒಬ್ಬಳು ಬರುತ್ತಿದ್ದಳು. ಒಂಬತ್ತು ಮುಗಿಸಿ ಹತ್ತಕ್ಕೆ ಹೋಗುವವಳು. ತಮ್ಮನನ್ನು ಮಕ್ಕಳ ಮೂಲೆಯಲ್ಲಿ ಕೂರಿಸಿ, ತಾನು ಕಾದಂಬರಿ ರ‍್ಯಾಕಿನ ಮುಂದೆ ನಿಂತೇ ಓದುವಳು. ಮೂರನೇ ದಿನ ನನಗೇ ಕಾಲು ನೋವು ಬಂದಂತಾಗಿ, ಕೌಂಟರ್ ಹಿಂದಿನ ನನ್ನ ಸ್ಟೂಲ್ ಎಳೆದು ರ‍್ಯಾಕಿನ ಸಂದಿಗೆ ಹಾಕಿಕೊಟ್ಟೆ. ಆ ಬೇಸಿಗೆಯಲ್ಲಿ ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು. ಹನ್ನೊಂದು ದಿನಕ್ಕೆ ಏಳು ಕಾದಂಬರಿ ಮುಗಿಸಿದಳು, ಅದರಲ್ಲಿ ನಾಲ್ಕು ತ್ರಿವೇಣಿಯವರದ್ದು. 1963ರಲ್ಲಿ ತೀರಿಕೊಂಡ ಲೇಖಕಿಯ ಪುಸ್ತಕಕ್ಕೆ 2009ರಲ್ಲಿ ಹದಿನೈದರ ಹುಡುಗಿ ಸಾಲಿನಲ್ಲಿ ನಿಲ್ಲೋದು ಅಂದರೆ ಲೈಬ್ರರಿಯಲ್ಲಿ ಕೆಲಸ ಮಾಡುವವಳಿಗೆ ಹಬ್ಬ ಅಲ್ಲವಾ? ನನಗಂತೂ ಹಬ್ಬವೇ.

ಒಂದು ವಿಷಯ ನಾನು ಆಗಲೇ ಗಮನಿಸಬೇಕಿತ್ತು. ಪುಸ್ತಕ ಮನೆಗೆ ಒಯ್ಯುವಾಗ ಅವಳು ಅದನ್ನು ಕೌಂಟರ್ ಮೇಲೆ ಬೋರಲಾಗಿ ಇಡುತ್ತಿದ್ದಳು. ಮುಖಪುಟ ಯಾವತ್ತೂ ಮೇಲೆ ಬರುತ್ತಿರಲಿಲ್ಲ. ನಾನು ಹಿಂದಿನ ರಟ್ಟಿನ ಒಳಗಿನ ಚೀಟಿಗೆ ತಾರೀಕು ಒತ್ತಬೇಕಲ್ಲ, ನನಗೆ ಸುಲಭ ಆಗಲಿ ಅಂತ ಹಾಗಿಡ್ತಾಳೆ ಅಂದುಕೊಂಡಿದ್ದೆ. ಎಷ್ಟು ಶಿಸ್ತು ಅಂತ ಬೇರೆ ಮೆಚ್ಚಿಕೊಂಡಿದ್ದೆ!

ಅವಳ ಅಪ್ಪನದು ಹಿಟ್ಟಿನ ಮಿಲ್ಲು. ಒಂದು ಮಂಗಳವಾರ ಸಂಜೆ ಐದು ಸೇರು ರಾಗಿ ತೆಗೆದುಕೊಂಡು ಹೋದೆ. ಮಿಲ್ಲೊಳಗೆ ಮಾತಾಡೋಕೆ ಆಗುತ್ತಾ? ಬೆಲ್ಟಿನ ಟಪ್ ಟಪ್, ಕಲ್ಲಿನ ಗುರ್ ಅನ್ನೋ ಸದ್ದು. ಅವರ ಹುಬ್ಬು, ರೆಪ್ಪೆ ಎಲ್ಲ ಬೂದು. ನಾನು ಕಿರುಚಿದೆ: "ನಿಮ್ಮ ಮಗಳು ಹನ್ನೊಂದು ದಿನಕ್ಕೆ ಏಳು ಕಾದಂಬರಿ ಓದವ್ಳೆ, ಗೊತ್ತಾ!"

"ಆಂ?"

"ಕಾದಂಬರಿ! ಏಳು!"

"ಯಾವ ಕಾದಂಬರಿ?"

ಇಲ್ಲಿ ಒಂದು ಕ್ಷಣ ನಿಲ್ಲಿ. ನಾನು ಇಲ್ಲಿಗೇ ಬಾಯಿ ಮುಚ್ಚಬಹುದಿತ್ತು. "ಒಳ್ಳೊಳ್ಳೇವು" ಅಂತ ಹೇಳಿ ಹಿಟ್ಟು ಹೊತ್ತುಕೊಂಡು ಬರಬಹುದಿತ್ತು. ಇನ್ನೊಂದು ದಿನ ಆಗಿದ್ದರೆ ಆ ಹೊತ್ತಿಗೆ ಕರೆಂಟೇ ಇರುತ್ತಿರಲಿಲ್ಲ, ಮಿಲ್ಲು ನಿಂತಿರುತ್ತಿತ್ತು, ನಾನು ಮೆಲ್ಲಗೆ ಹೇಳಿರುತ್ತಿದ್ದೆ, ಸಾಲಿನಲ್ಲಿದ್ದ ನಾಲ್ಕು ಹೆಂಗಸರಿಗೆ ಕೇಳಿಸುತ್ತಿರಲಿಲ್ಲ. ಆ ಮಂಗಳವಾರ ಲೋಡ್‌ಶೆಡ್ಡಿಂಗ್ ಇರಲಿಲ್ಲ. ಇರಲಿ, ಕರೆಂಟಿನ ಮೇಲೆ ಯಾಕೆ ಹಾಕಲಿ. ಹುಡುಗಿಯನ್ನು ಹೊಗಳಿದೆ ಅಂತ ವರ್ಷಗಟ್ಟಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ನನ್ನ ಲೈಬ್ರರಿಯನ್ನು, ನನ್ನ ಸ್ಟೂಲನ್ನು, ನನ್ನನ್ನು ಹೊಗಳಿಕೊಳ್ಳುತ್ತಿದ್ದೆ. ಹೊಗಳಿಕೆಗೆ ಸಾಕ್ಷಿ ಬೇಕಲ್ಲ, ಅದಕ್ಕೆ ಪುಸ್ತಕದ ಹೆಸರನ್ನೂ ಕೂಗಿದೆ. ಅವಳ ಹತ್ತಿರ ಆಗ ಇದ್ದದ್ದು ತ್ರಿವೇಣಿಯವರ 'ಶರಪಂಜರ'.

ಅವರಿಗೆ ಗೊತ್ತಿದ್ದದ್ದು 1971ರ ಸಿನಿಮಾ. ಕಲ್ಪನಾ ಹುಚ್ಚಿಯಾಗುವ ಪಿಕ್ಚರು. ಬಾಣಂತನದ ನಂತರ ಮನಸ್ಸು ಕೆಟ್ಟು, ಚಿಕಿತ್ಸೆಯಾಗಿ, ನೆಟ್ಟಗಾಗಿ ಮನೆಗೆ ಬಂದ ಹೆಂಗಸನ್ನು ಮನೆಯವರೂ ಊರವರೂ ಹೇಗೆ ನೆಟ್ಟಗಿರೋಕೆ ಬಿಡಲ್ಲ ಅನ್ನೋ ಕಥೆ ಅದು. ಇದನ್ನೆಲ್ಲ ಮಿಲ್ಲಿನ ಸದ್ದಿನಲ್ಲಿ ಹೇಳೋದು ಹೇಗೆ? ಅವರು ಬೆಲ್ಟು ಜಾರಿಸಿ ಮಿಲ್ಲು ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ಹೇಳಿದರು, "ಆ ಪಿಕ್ಚರ್ ನಾನೂ ನೋಡಿವ್ನಿ ಕಣಮ್ಮ. ಹದಿನೈದ್ರ ಹುಡ್ಗಿಗೆ ಅದ್ಯಾಕೆ?" ಬೈಯಲಿಲ್ಲ, ರೇಗಲಿಲ್ಲ. ನನ್ನ ಹಿಟ್ಟಿಗೆ ದುಡ್ಡೂ ಸರಿಯಾಗೇ ತೆಗೆದುಕೊಂಡರು. ಕೆಟ್ಟ ಮನುಷ್ಯ ಅಲ್ಲ. ಮಗಳ ಹತ್ತನೇ ಕ್ಲಾಸಿನ ಟ್ಯೂಷನ್ನಿಗೆ ಆಗಲೇ ದುಡ್ಡು ಕಟ್ಟಿದ್ದವರು.

ಮಾರನೇ ದಿನ ತಮ್ಮ ಒಬ್ಬನೇ ಬಂದ. ಎರಡು ಪುಸ್ತಕ, ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿತ್ತು. "ಅಕ್ಕ ಇನ್ನು ಬರಲ್ವಂತೆ." 'ಶರಪಂಜರ'ದ ಮುಕ್ಕಾಲು ಭಾಗದಲ್ಲಿ ಗುರುತಿಗೆ ಒಂದು ಕಪ್ಪು ಹೇರ್‌ಪಿನ್ ಹಾಗೇ ಇತ್ತು. ಅದನ್ನು ತೆಗೆದುಕೊಳ್ಳೋಕೂ ಪುರುಸೊತ್ತು ಕೊಟ್ಟಿರಲಿಲ್ಲ ಅನಿಸುತ್ತೆ.

ಇದು ನಿಮ್ಮ ಸಹಿ ಕಾಲಮ್ಮಿನ ವಿಷಯಕ್ಕೆ ನನ್ನ ಉತ್ತರ. ನಾನು ಒಂದು ಸಲ ಬಾಯಿ ತಪ್ಪಿ ಮಾಡಿದ್ದನ್ನು ನೀವು ವಾರವಾರ ಕಾಗದದ ಮೇಲೆ ಮಾಡೋಕೆ ಹೊರಟಿದ್ದೀರಿ. ಅಪ್ಪ ಸಹಿ ಹಾಕ್ತಾರೆ ಅಂದ ತಕ್ಷಣ ಮಗು ಅಪ್ಪ ಒಪ್ಪುವ ಪುಸ್ತಕವನ್ನೇ ತೆಗೆದುಕೊಳ್ಳುತ್ತೆ. ಮಹಾತ್ಮರ ಜೀವನ ಚರಿತ್ರೆ, ಸಾಮಾನ್ಯ ಜ್ಞಾನ. ನಿಮ್ಮ ಡೈರಿ ತುಂಬುತ್ತೆ, ಫೋಟೋ ಚೆನ್ನಾಗಿ ಬರುತ್ತೆ, ಜೂನ್‌ನಲ್ಲಿ ಆ ಮಕ್ಕಳು ಒಬ್ಬರೂ ಇರಲ್ಲ.

ಗ್ರಂಥಾಲಯ ವಿಜ್ಞಾನದ ಪರೀಕ್ಷೆಗೆ ನಾನೂ ರಂಗನಾಥನ್ ಅವರ ಪಂಚಸೂತ್ರ ಬಾಯಿಪಾಠ ಮಾಡಿದವಳೇ. 1931ರವು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಎಲ್ಲ ಗೊತ್ತು. ಯಾರು ಏನು ಓದಿದರು ಅಂತ ಊರಿಗೆ ಹೇಳಬೇಡ ಅನ್ನೋ ಆರನೇ ಸೂತ್ರ ಅದರಲ್ಲಿಲ್ಲ. ಅಮೆರಿಕದ ಗ್ರಂಥಪಾಲಕರ ಸಂಘ ಓದುಗರ ಖಾಸಗಿ ವಿಷಯ ಗುಟ್ಟಾಗಿಡೋದು ಗ್ರಂಥಪಾಲಕರ ಕರ್ತವ್ಯ ಅಂತ 1939ರಲ್ಲೇ ತನ್ನ ನೀತಿ ಸಂಹಿತೆಯಲ್ಲಿ ಬರೆದುಕೊಂಡಿತ್ತಂತೆ. ನನಗೆ ಇದು ಗೊತ್ತಾಗಿದ್ದು ಕೆಲಸ ಬಿಟ್ಟ ಮೇಲೆ.

"ಪೋಷಕರಿಗೆ ಗೊತ್ತಾಗಬೇಡವಾ?" ಅಂತ ನೀವು ಕೇಳ್ತೀರಿ. ಗೊತ್ತಾಗಲಿ, ಮಗುವಿನ ಬಾಯಿಂದ. ನಿಮ್ಮ ಹತ್ತಿರ ಬಂದು ಕೇಳಿದರೆ "ದಿನಾ ಬರ್ತಾಳೆ, ಜಾಣೆ, ಏನು ಓದ್ತಿದೀಯ ಅಂತ ಅವಳನ್ನೇ ಕೇಳಿ" ಅನ್ನಿ. ಮೇಲಿನವರಿಗೆ ವರದಿ ಕೊಡಬೇಕಾದರೆ ಲೆಕ್ಕ ಕೊಡಿ: ಏಪ್ರಿಲ್‌ನಲ್ಲಿ ಇಷ್ಟು ಪುಸ್ತಕ ಹೊರಗೆ ಹೋದವು, ಇಷ್ಟು ಮಕ್ಕಳು ಬಂದರು. ಹೆಸರಿನ ಮುಂದೆ ಪುಸ್ತಕ ಬರೆದು ಗೋಡೆಗೆ ಅಂಟಿಸಬೇಡಿ. 'ಈ ವಾರದ ಓದುಗ' ಅಂತ ಬೋರ್ಡ್ ಹಾಕೋ ಯೋಚನೆಯೂ ಇದ್ದರೆ ಅದನ್ನೂ ಬಿಡಿ.

ಈಗ ಪುಸ್ತಕ. ಇಪ್ಪತ್ತು ಬೇಡ. ಐದಾರು ಸಾಕು, ಆದರೆ ಸಿಕ್ಕರೆ ಒಂದೊಂದು ಎರಡು ಮೂರು ಪ್ರತಿ ಇರಲಿ. ಒಬ್ಬ ಓದಿ ಇನ್ನೊಬ್ಬನಿಗೆ ಹೇಳಿದಾಗ ಅವನು ಅವತ್ತೇ ಕೇಳ್ತಾನೆ, "ಹೊರಗೆ ಹೋಗಿದೆ, ಮುಂದಿನ ವಾರ ಬಾ" ಅಂದರೆ ಅಲ್ಲಿಗೆ ಮುಗೀತು.

ತೇಜಸ್ವಿ ಇಲ್ಲದೆ ಮಾಡಬೇಡಿ, ಆದರೆ 'ಕರ್ವಾಲೊ' ಮೊದಲಿಗೇ ಕೈಗಿಡಬೇಡಿ. ಎಲ್ಲರೂ ಮಾಡುವ ತಪ್ಪು ಅದು. ಹಾರುವ ಓತಿಯ ಆಸೆ ತೋರಿಸಿ ಕೊಡ್ತೀವಿ, ಆ ಓತಿ ಬರೋಕೆ ಮುಂಚೆ ಜೇನು ಸೊಸೈಟಿ, ಮಂದಣ್ಣನ ಮದುವೆ ಪುರಾಣ ಎಲ್ಲ ಆಗಬೇಕು, ದೊಡ್ಡವರು ನಗುವ ಕಡೆ ಮಕ್ಕಳು ಆಕಳಿಸ್ತಾರೆ. ಮೊದಲು 'ಮಹಾಪಲಾಯನ' ಕೊಡಿ. ಸೈಬೀರಿಯಾದ ಸೆರೆಯಿಂದ ತಪ್ಪಿಸಿಕೊಂಡವರು ಮರುಭೂಮಿ, ಹಿಮಾಲಯ ದಾಟಿ ನಡೆದೇ ಭಾರತಕ್ಕೆ ಬರುವ ಕಥೆ, ಪುಸ್ತಕ ತೆಳ್ಳಗಿದೆ. ಇದನ್ನು ಅರ್ಧಕ್ಕೆ ಬಿಟ್ಟ ಹುಡುಗನನ್ನು ನಾನು ನೋಡಿಲ್ಲ. ಆಮೇಲೆ 'ಪರಿಸರದ ಕತೆ'. ಕರ್ವಾಲೊ ಅವರಾಗೇ ಬಂದು ಕೇಳ್ತಾರೆ.

ನಗು ಬೇಕು ಅನ್ನುವವರಿಗೆ ಗೊರೂರರ ಹಳ್ಳಿ ಪ್ರಬಂಧ. ಸಿದ್ಧಲಿಂಗಯ್ಯನವರ 'ಊರುಕೇರಿ' ಖಂಡಿತ ಇರಲಿ. ದಲಿತ ಕವಿಯ ಆತ್ಮಕಥೆ ಅಂತ ಗಂಭೀರ ಮುಖ ಮಾಡಿ ಕೊಡಬೇಡಿ, ಸುಮ್ಮನೆ ಮೇಜಿನ ಮೇಲಿಡಿ. ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಏನಕ್ಕೆ ನಕ್ಕೆ ಅಂತ ರಾತ್ರಿ ಯೋಚನೆಗೆ ಬೀಳ್ತಾರೆ. ಕುವೆಂಪು ಬೇಕೇಬೇಕು ಅಂದರೆ 'ಮಲೆನಾಡಿನ ಚಿತ್ರಗಳು', ದಪ್ಪ ಕಾದಂಬರಿಗಳು ರ‍್ಯಾಕಿನಲ್ಲಿ ತಮ್ಮ ಪಾಡಿಗಿರಲಿ. ತ್ರಿವೇಣಿ ಇರಲಿ ಅಂತ ಮತ್ತೆ ಹೇಳಬೇಕಾಗಿಲ್ಲ ಅಂದುಕೊಳ್ತೀನಿ. ಪತ್ತೇದಾರಿ ಕಾದಂಬರಿಗಳನ್ನು ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರೆ ಇವತ್ತೇ ತೆಗೆದು ಕೈಗೆ ಸಿಗುವ ಕಡೆ ಇಡಿ. ಸಗಟು ಖರೀದಿಯಲ್ಲಿ ಬಂದು ಹೊಸ ವಾಸನೆ ಕೂಡ ಹೋಗದ ಕವನ ಸಂಕಲನಗಳನ್ನು ಆ ಜಾಗಕ್ಕೆ ಕಳಿಸಿ, ಯಾರೂ ಕೇಳಲ್ಲ.

ಮತ್ತೆ, ಕೂರೋಕೆ ಜಾಗ ಮಾಡಿ. ಇದು ಪುಸ್ತಕಕ್ಕಿಂತ ದೊಡ್ಡದು. ಮಕ್ಕಳ ಮೂಲೆಯಿಂದ ದೂರ, ಪರೀಕ್ಷೆ ಹುಡುಗರ ಮೇಜಿನಿಂದಲೂ ದೂರ, ನಿಮ್ಮ ಕುರ್ಚಿಯಿಂದ ಕಾಣುವ ಆದರೆ ಪುಟ ಕಾಣದ ಕಡೆ ಒಂದು ಬೆಂಚು. ಏಪ್ರಿಲ್ 10ಕ್ಕೆ ಶಾಲೆ ಮುಚ್ಚಿದರೆ 11ರಂದೇ ಹಾಕಿಬಿಡಿ. ಅಜ್ಜಿ ಮನೆಗೆ ಹೋಗುವವರು ಹೋಗೇ ಹೋಗ್ತಾರೆ, ಉಳಿದವರು ಸಿಕ್ಕೋದು ಮೊದಲ ವಾರದಲ್ಲೇ.

ಆ ಹುಡುಗಿ ಹತ್ತು ಪಾಸಾದಳು, ಪಿಯುಸಿಗೆ ತುಮಕೂರಿಗೆ ಹೋದಳು ಅಂತ ಕೇಳಿದೆ. ಬಸ್‌ಸ್ಟ್ಯಾಂಡಿನಲ್ಲಿ ಒಂದೆರಡು ಸಲ ಕಂಡಳು, ನಕ್ಕಳು, ನಿಲ್ಲಲಿಲ್ಲ. ನಾನು ರಾಗಿ ಬೀಸೋಕೆ ಬೇರೆ ಮಿಲ್ಲಿಗೆ ಹೋಗೋಕೆ ಶುರು ಮಾಡಿದೆ, ಅರ್ಧ ಕಿಲೋಮೀಟರ್ ಜಾಸ್ತಿ ನಡೆದು. ಅವರೇನೂ ಅಂದಿರಲಿಲ್ಲ, ಆದರೂ.

2012ರಲ್ಲಿ ಕೆಲಸ ಬಿಡುವ ವಾರ ಕಾದಂಬರಿ ರ‍್ಯಾಕು ಒರೆಸುವಾಗ ಆ ಪುಸ್ತಕ ಕೈಗೆ ಬಂತು. ಪಿನ್ ಇದ್ದ ಪುಟದಲ್ಲಿ ತುಕ್ಕಿನ ಸಣ್ಣ ಗೆರೆ ಉಳಿದಿತ್ತು. ಹಿಂದಿನ ಚೀಟಿಯಲ್ಲಿ ಅವಳ ತಾರೀಕಿನ ಕೆಳಗೆ ಇನ್ನೂ ಮೂರು ತಾರೀಕು ಬಿದ್ದಿದ್ದವು, ಎಲ್ಲವೂ ಏಪ್ರಿಲ್–ಮೇ ತಿಂಗಳವು. ಯಾರು ತೆಗೆದುಕೊಂಡು ಹೋಗಿದ್ದರು ಅಂತ ನೋಡಬಹುದಿತ್ತು, ರಿಜಿಸ್ಟರು ಅಲ್ಲೇ ಮೇಜಿನ ಮೇಲಿತ್ತು. ತೆರೆಯಲಿಲ್ಲ.