ಡ್ರಾಫ್ಟ್‌ಕಿಂಗ್ಸ್‌ನಲ್ಲಿ ಡೇಲಿ ಫ್ಯಾಂಟಸಿ ಐಸ್ ಹಾಕಿ ಕಾಂಟೆಸ್ಟ್ ಗೆಲ್ಲೋಕೆ ಸ್ಟ್ರಾಟಜಿ ಏನು? ಫಾರ್ಮ್‌ನಲ್ಲಿರೋ ಸ್ಟಾರ್‌ಗಳನ್ನೇ ಒಂದೊಂದ್ ಟೀಮಿಂದ ಒಬ್ಬೊಬ್ಬರಂತೆ ಹಾಕಿದ್ರೂ ನಾನ್ ಯಾಕೆ ಮೇಲೆ ಬರ್ತಿಲ್ಲ?

ನೀವು ಕೇಳಿರೋದು ಅಮೆರಿಕದ ಫ್ಯಾಂಟಸಿ ಆ್ಯಪ್ ಡ್ರಾಫ್ಟ್‌ಕಿಂಗ್ಸ್‌ನಲ್ಲಿ ನಡೆಯೋ ಎನ್‌ಎಚ್‌ಎಲ್ (ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್) ಕಾಂಟೆಸ್ಟ್ ಬಗ್ಗೆ, ಅದಕ್ಕೇ ಅದರ ಲೆಕ್ಕದಲ್ಲೇ ಹೇಳ್ತೀನಿ. ಫಾರ್ಮ್‌ನಲ್ಲಿರೋ ಒಳ್ಳೊಳ್ಳೆ ಪ್ಲೇಯರ್‌ಗಳನ್ನ ಒಂದೊಂದ್ ಟೀಮಿಂದ ಒಬ್ಬೊಬ್ಬರನ್ನ ಹೆಕ್ಕಿ ಹಾಕ್ತೀನಿ ಅಂದ್ರಲ್ಲ, ತೊಂದ್ರೆ ಇರೋದೇ ಅಲ್ಲಿ. ಬಾಸ್ಕೆಟ್‌ಬಾಲ್‌ನಲ್ಲಿ ಅದು ನಡೆಯುತ್ತೆ, ಹಾಕಿಯಲ್ಲಿ ನಡೆಯಲ್ಲ, ಯಾಕಂದ್ರೆ ಇಲ್ಲಿ ಗೋಲ್ ಅನ್ನೋದೇ ಅಪರೂಪ, ಎರಡೂ ಟೀಮ್ ಸೇರಿ ಒಂದ್ ಮ್ಯಾಚಲ್ಲಿ ಆರು ಗೋಲ್ ಆಸುಪಾಸು ಬಂದ್ರೆ ಅಷ್ಟೇ.

ಕೊಲೊರಾಡೊ ಟೀಮಿನ ಸ್ಟಾರ್ ನೇಥನ್ ಮ್ಯಾಕಿನನ್‌ನೇ ತಗೊಳ್ಳಿ. 2023-24ರ ಸೀಸನ್‌ನಲ್ಲಿ 82 ಮ್ಯಾಚಲ್ಲಿ 405 ಶಾಟ್ ಹೊಡೆದ, ಗೋಲ್ ಆಗಿದ್ದು 51. ಅಂದ್ರೆ ಅಂಥವನದ್ದೂ ಎಂಟು ಶಾಟ್‌ನಲ್ಲಿ ಏಳು ಒಳಗೆ ಹೋಗಲ್ಲ. ಹಾಗಿರುವಾಗ ಎಂಟು ಬೇರೆಬೇರೆ ಟೀಮಿನ ಎಂಟು ಜನ ಒಂದೇ ರಾತ್ರಿ ಗೋಲ್ ಹೊಡೀಲಿ ಅಂತ ಕಾಯ್ತಾ ಕೂತ್ರೆ ಆಗುತ್ತಾ ಹೇಳಿ.

ಅದಕ್ಕೇ ಸ್ಟ್ಯಾಕ್ ಮಾಡೋದು, ಅಂದ್ರೆ ಒಂದೇ ಟೀಮಲ್ಲಿ ಜೊತೆಗೆ ಆಡೋ ಎರಡ್ಮೂರು ಜನರನ್ನ ಒಟ್ಟಿಗೆ ಹಾಕೋದು. ಒಂದು ಗೋಲಿಗೆ ಎರಡು ಅಸಿಸ್ಟ್ ತನಕ ಸಿಗುತ್ತೆ, ಅಂದ್ರೆ ಗೋಲಿಗೆ ಮುಂಚೆ ಪಾಸ್ ಕೊಟ್ಟ ಇಬ್ಬರಿಗೂ ಪಾಯಿಂಟ್. ಎಡ್ಮಂಟನ್ ಟೀಮಿನ ಪವರ್ ಪ್ಲೇ (ಪೆನಾಲ್ಟಿಯಿಂದ ಎದುರಾಳಿ ಕಡೆ ಆಟಗಾರ ಕಮ್ಮಿ ಇರೋ ಹೊತ್ತು) ಅಂದ್ಕೊಳ್ಳಿ, ಹಿಂದೆ ಬ್ಲೂ ಲೈನ್ ಹತ್ರ ಬೂಷಾರ್ಡ್, ಅವನಿಂದ ಪಕ್ (ಚೆಂಡಿನ ಬದಲಿನ ಬಿಲ್ಲೆ) ಮ್ಯಾಕ್‌ಡೇವಿಡ್‌ಗೆ, ಅಲ್ಲಿಂದ ಆಚೆ ಬದಿಯಲ್ಲಿ ಕಾಯ್ತಿರೋ ಡ್ರೈಸೈಟಲ್‌ಗೆ, ಗೋಲ್. ಡ್ರೈಸೈಟಲ್‌ಗೆ ಗೋಲಿನ 8.5 ಪಾಯಿಂಟ್ ಜೊತೆ ಆ ಶಾಟ್‌ಗೆ 1.5, ಇನ್ನಿಬ್ಬರಿಗೆ ಅಸಿಸ್ಟ್‌ಗೆ ಐದೈದು. ಒಂದೇ ಗೋಲಲ್ಲಿ ನಿಮಗೆ 20 ಪಾಯಿಂಟ್. ಮೂವರಲ್ಲಿ ಒಬ್ಬನನ್ನ ಮಾತ್ರ ಇಟ್ಕೊಂಡಿದ್ರೆ ಐದೋ ಹತ್ತೋ ಬರ್ತಿತ್ತು ಅಷ್ಟೇ. 2022-23ರಲ್ಲಿ ಆ ಟೀಮಿಗೆ ಸಿಕ್ಕ ಪವರ್ ಪ್ಲೇಗಳಲ್ಲಿ 32.4 ಪರ್ಸೆಂಟ್ ಗೋಲ್ ಆಗಿತ್ತು, ಲೀಗ್ ರೆಕಾರ್ಡ್ ಅದು. ಆದ್ರೆ ಈ ಮೂವರನ್ನೂ ಹಾಕಿದ್ರೆ 50,000 ಸ್ಯಾಲರಿ ಕ್ಯಾಪ್‌ನಲ್ಲಿ (ಪ್ಲೇಯರ್‌ಗಳನ್ನ ಕೊಳ್ಳೋಕೆ ಆ್ಯಪ್ ಕೊಡೋ ಲೆಕ್ಕದ ದುಡ್ಡು) ಉಳಿದೋರಿಗೆ ಚಿಲ್ಲರೆ ಉಳಿಯುತ್ತೆ, ಗೋಲ್‌ಕೀಪರ್ ಸೇರಿ ಒಂಬತ್ತು ಜನರನ್ನ ತುಂಬಬೇಕಲ್ಲ, ಅದಕ್ಕೇ ಸ್ವಲ್ಪ ಅಗ್ಗದ ಟೀಮಿನ ಫಸ್ಟ್ ಲೈನ್ (ಒಟ್ಟಿಗೆ ಐಸ್‌ಗೆ ಇಳಿಯೋ ಫಾರ್ವರ್ಡ್‌ಗಳು) ಮೂವರು, ಇನ್ನೊಂದ್ ಟೀಮಿನ ಸೆಕೆಂಡ್ ಲೈನ್ ಮೂವರು, ಆಮೇಲೆ ಪವರ್ ಪ್ಲೇನಲ್ಲಿ ಮೊದಲ ಯೂನಿಟ್‌ನಲ್ಲಿ ಆಡೋ ಡಿಫೆನ್ಸ್‌ಮನ್ ಒಬ್ಬ, ಹೀಗೆ ಕಟ್ಟೋದು ನನಗೆ ಇಷ್ಟ. ಯಾವ ಟೀಮ್ ಅಂತ ಗೊತ್ತಾಗ್ಲಿಲ್ಲ ಅಂದ್ರೆ ಬೆಟ್ಟಿಂಗ್ ಲೈನ್ ನೋಡಿ, ಟೋಟಲ್ (ಎರಡೂ ಟೀಮ್ ಸೇರಿ ಬರಬಹುದಾದ ಗೋಲಿನ ಅಂದಾಜು) 6.5 ಇದ್ದು ಫೇವರಿಟ್ ಆಗಿರೋ ಟೀಮಿಂದ ಶುರು ಮಾಡಿ.

ಅಗ್ಗದ ಪ್ಲೇಯರ್ ಎಲ್ಲಿ ಸಿಗ್ತಾನೆ ಅಂದ್ರೆ, ಲೈನ್ ಬದಲಾದಾಗ. ಸ್ಯಾಲರಿ ಮೊದಲೇ ಫಿಕ್ಸ್ ಆಗಿರುತ್ತೆ, ಆಮೇಲೆ ಯಾರಿಗೋ ಇಂಜುರಿ ಆಗಿ ಥರ್ಡ್ ಲೈನ್ ವಿಂಗರ್ ಒಬ್ಬನನ್ನ ಕೋಚ್ ಸ್ಟಾರ್ ಸೆಂಟರ್ ಪಕ್ಕಕ್ಕೆ ತಂದು ನಿಲ್ಲಿಸಿದ್ರೂ ರೇಟ್ ಹಳೇದೇ. ಅವನ ಹೆಸರು ಕೇಳಿರದಿದ್ರೂ ಪರವಾಗಿಲ್ಲ, ಹಾಕಿ. ಬೆಳಗಿನ ಪ್ರಾಕ್ಟೀಸ್‌ನಲ್ಲಿ ಯಾರು ಯಾರ ಜೊತೆ ಆಡಿದ್ರು ಅಂತ ಟೀಮ್ ಕವರ್ ಮಾಡೋ ರಿಪೋರ್ಟರ್‌ಗಳು ಟ್ವೀಟ್ ಮಾಡೇ ಮಾಡ್ತಾರೆ.

ಇನ್ನು ಗೋಲಿ, ಅಂದ್ರೆ ಗೋಲ್‌ಕೀಪರ್. ದುಡ್ಡು ಹೆಚ್ಚು ಹೋಗೋದೂ ಇಲ್ಲೇ, ಬರೋದೂ ಇಲ್ಲೇ. ಗೆದ್ದು 30 ಸೇವ್ ಮಾಡಿ ಎರಡು ಗೋಲ್ ಬಿಟ್ರೆ: ಗೆಲುವಿಗೆ 6, ಸೇವ್‌ಗೆ 0.7ರಂತೆ 21, ಬಿಟ್ಟ ಗೋಲಿಗೆ 3.5ರಂತೆ 7 ಕಟ್, ಒಟ್ಟು 20. ಅದೇ ಸೋತು 24 ಸೇವ್ ಮಾಡಿ ನಾಲ್ಕು ಬಿಟ್ರೆ 2.8. ಬೆಂಚಲ್ಲಿ ಕೂತ್ರೆ ಸೊನ್ನೆ! ಕನ್ಫರ್ಮ್ ಆಗದೆ ಗೋಲಿಯನ್ನ ಲಾಕ್ ಮಾಡ್ಲೇಬೇಡಿ, ಅದರಲ್ಲೂ ಟೀಮ್ ಎರಡು ದಿನ ಬೆನ್ನುಬೆನ್ನಿಗೆ ಆಡ್ತಿದ್ರೆ ಒಂದ್ ದಿನ ಬ್ಯಾಕಪ್ ಬರೋದು ಮಾಮೂಲಿ. ಬೆಳಿಗ್ಗೆ ಪ್ರಾಕ್ಟೀಸ್‌ನಲ್ಲಿ ಮೊದಲು ಐಸ್ ಬಿಟ್ಟು ಹೋಗೋ ಗೋಲಿನೇ ಸಾಮಾನ್ಯವಾಗಿ ಆ ರಾತ್ರಿ ಆಡೋನು, ಇದನ್ನ ನೋಡ್ಕೊಂಡೇ ರಿಪೋರ್ಟರ್‌ಗಳು ಹೇಳೋದು. ಹಾಗೇ, ನಿಮ್ಮ ಸ್ಟ್ಯಾಕ್ ಯಾವ ಟೀಮ್ ವಿರುದ್ಧ ಆಡುತ್ತೋ ಆ ಟೀಮಿನ ಗೋಲಿಯನ್ನ ತಗೋಬೇಡಿ, ನಿಮ್ಮ ದುಡ್ಡಿಗೆ ನೀವೇ ಎದುರಾಳಿ ಆಗ್ತೀರಿ.

ಲೇಟ್ ಸ್ವಾಪ್ ಇದೆ ಅಂತ ಎಷ್ಟೋ ಜನಕ್ಕೆ ನೆನಪೇ ಇರಲ್ಲ. ಅಮೆರಿಕದ ಈಸ್ಟರ್ನ್ ಟೈಮ್ ಸಂಜೆ 7ಕ್ಕೆ ಕಾಂಟೆಸ್ಟ್ ಶುರುವಾದ್ರೂ ವೆಸ್ಟ್ ಕೋಸ್ಟ್ ಮ್ಯಾಚ್‌ಗಳು 10ಕ್ಕೆ ಇರ್ತವೆ, ಶುರುವಾಗದ ಮ್ಯಾಚಿನ ಪ್ಲೇಯರ್‌ನ ಬದಲಾಯಿಸಬಹುದು. ಅಷ್ಟೊತ್ತಿಗೆ ಹಿಂದೆ ಬಿದ್ದಿದ್ರೆ ಎಲ್ಲರೂ ಹಾಕಿರೋ ಸ್ಟಾರ್‌ನ ತೆಗೆದು ಯಾರೂ ಹಾಕದೇ ಇರೋನನ್ನ ತನ್ನಿ, ಮುಂದಿರೋರ ಹತ್ರ ಇರೋನೇ ನಿಮ್ಮ ಹತ್ರನೂ ಇದ್ರೆ ಅವನು ಹ್ಯಾಟ್ರಿಕ್ ಹೊಡೆದ್ರೂ ಅಂತರ ಕಮ್ಮಿ ಆಗಲ್ಲ.

ಮೇಲೆ ಹೇಳಿದ ಸ್ಟ್ಯಾಕ್ ಕಥೆ ದೊಡ್ಡ ಟೂರ್ನಮೆಂಟ್‌ಗೆ. 50/50 ಆಡೋದಾದ್ರೆ ಬೇರೆ ಯೋಚನೆ, ಅಲ್ಲಿ ಅರ್ಧ ಜನರನ್ನ ದಾಟಿದ್ರೆ ಸಾಕು, ಅದಕ್ಕೇ ಗೋಲ್ ಆಗದಿದ್ರೂ ಶಾಟ್‌ನಲ್ಲೇ ಪಾಯಿಂಟ್ ತರೋರು ಬೇಕು. ಐದು ಶಾಟ್ ಆದ್ರೆ 7.5, ಅದಕ್ಕೆ 3 ಬೋನಸ್, ಗೋಲೇ ಇಲ್ದೆ 10.5. ಎದುರಾಳಿ ಶಾಟ್‌ಗಳನ್ನ ಜಾಸ್ತಿ ಬ್ಲಾಕ್ ಮಾಡೋ ಡಿಫೆನ್ಸ್‌ಮನ್‌ಗಳೂ ಇಲ್ಲಿ ಉಪಯೋಗಕ್ಕೆ ಬರ್ತಾರೆ. ಆದ್ರೆ 10 ಡಾಲರ್ ಕಟ್ಟಿ ಗೆದ್ರೆ 18 ಬರೋ ಕಾಂಟೆಸ್ಟ್‌ನಲ್ಲಿ ಅಸಲು ಕೈಗೆ ಬರ್ಬೇಕಂದ್ರೇನೇ ನೂರಕ್ಕೆ 56 ಸಲ ಗೆಲ್ಬೇಕು, ಇಬ್ಬರು ಕಟ್ಟಿದ 20ರಲ್ಲಿ ಉಳಿದ 2 ಡಾಲರ್ ಕಂಪನಿಯ ಪಾಲು, ಇದು ತಲೇಲಿರ್ಲಿ.

ಕೊನೇದಾಗಿ ಲಾಬಿಯಲ್ಲಿ (ಆ್ಯಪ್‌ನ ಕಾಂಟೆಸ್ಟ್ ಪಟ್ಟಿ) ಎಂಟ್ರಿ ಲಿಮಿಟ್, ಅಂದ್ರೆ ಒಬ್ಬರು ಎಷ್ಟು ಲೈನಪ್ ಹಾಕಬಹುದು ಅಂತ ನೋಡಿ ಒಳಗೆ ಹೋಗಿ. ಒಬ್ಬೊಬ್ಬರೇ 150 ಲೈನಪ್ ಹಾಕೋ ಕಾಂಟೆಸ್ಟ್‌ನಲ್ಲಿ ನಿಮ್ಮದೊಂದು ಲೈನಪ್ ಇಟ್ಕೊಂಡು ಹೋಗೋ ಬದಲು ಸಿಂಗಲ್ ಎಂಟ್ರಿ ಆಡಿ. ಪ್ರೈಜ್ ಚಿಕ್ಕದು, ಆದ್ರೆ ಎದುರಿಗಿರೋನ ಹತ್ರನೂ ಒಂದೇ ಲೈನಪ್ ಇರುತ್ತೆ.