ಒಂದೇ ಪತ್ರಕ್ಕೆ ನೂರು ಸಹಿ ಹಾಕಿದರೆ ಸಾಕಾ?

ನಮಸ್ಕಾರ. ಅಮೆರಿಕದ ಪರಮಾಣು ನಿಯಂತ್ರಣ ಆಯೋಗ, ಅಂದರೆ ಎನ್‌ಆರ್‌ಸಿ, ನಿಯಮದ ಕರಡು ಹೊರಡಿಸಿದಾಗ ನೂರಾರು ಜನ ಒಂದೇ ಮಾದರಿ ಪತ್ರ ಕಳಿಸಿದರೆ ಪ್ರಯೋಜನ ಇದೆಯಾ ಅಂತ ಕೇಳಿದ್ದೀರಿ.

ಓದುತ್ತಾರೆ. ಆದರೆ ಇದು ವೋಟಿನ ಎಣಿಕೆ ಅಲ್ಲ. ಒಂದೇ ಥರದ ಪತ್ರಗಳಿಗೆಲ್ಲ ಸೇರಿಸಿ ಒಂದೇ ಉತ್ತರ ಬರುತ್ತದೆ. ತೂಕ ಇರುವುದು ವಾದಕ್ಕೆ. ಮುಖ್ಯವಾದ ಆಕ್ಷೇಪಕ್ಕೆ ಉತ್ತರ ಕೊಡದೆ ನಿಯಮ ತಂದರೆ ಅದು ಕೋರ್ಟಿನಲ್ಲಿ ಬಿದ್ದುಹೋಗಬಹುದು. ನಿಮ್ಮ ಕೈಯಲ್ಲಿರುವ ನಿಜವಾದ ಬಲ ಇದೇ.

2020ರ ಮೇ ತಿಂಗಳಲ್ಲಿ ಬಂದ ತುರ್ತು ಸಿದ್ಧತೆಯ ಕರಡನ್ನೇ ನೋಡಿ. ದೊಡ್ಡ ಸ್ಥಾವರಗಳ ಸುತ್ತ ಸುಮಾರು 10 ಮೈಲಿ ತುರ್ತು ವಲಯ, ಅಂದರೆ ಅಪಘಾತವಾದರೆ ಜನರನ್ನು ಕಾಪಾಡಲು ಮೊದಲೇ ಯೋಜನೆ ಮಾಡಿಡುವ ಜಾಗ, ಇರುತ್ತದೆ. ಸಣ್ಣ ರಿಯಾಕ್ಟರ್‌ಗಳಿಗೆ ಹಾಗೆ ಬೇಡ, ಅಪಘಾತವಾದರೆ 96 ಗಂಟೆಯಲ್ಲಿ 1 ರೆಮ್ (ದೇಹಕ್ಕೆ ತಾಗುವ ವಿಕಿರಣದ ಅಳತೆ) ಮೀರಿ ವಿಕಿರಣ ತಾಗಬಹುದಾದ ಜಾಗವಷ್ಟೇ ಸಾಕು ಅನ್ನುವುದು ಪ್ರಸ್ತಾವ. ಇದಕ್ಕೆ ಸುಮ್ನೆ "ಅಪಾಯ, ಬೇಡ" ಅಂತ ಬರೆದರೆ ಅವರ ಉತ್ತರವೂ ಒಂದೇ ಸಾಲಿನದ್ದಾಗುತ್ತದೆ. "ಒಂದೇ ಜಾಗದಲ್ಲಿ ನಾಲ್ಕು ರಿಯಾಕ್ಟರ್ ಇದ್ದರೆ ಲೆಕ್ಕ ಹೇಗೆ? ಈ ಸೆಕ್ಷನ್‌ನಲ್ಲಿ ಇಂಥ ವಾಕ್ಯ ಸೇರಿಸಿ" ಅಂತ ಕಾರಣ ಸಮೇತ ಬರೆದರೆ ಜಾರಿಕೊಳ್ಳುವುದು ಕಷ್ಟ.

ಆ ಕರಡಿಗೆ ಅಭಿಪ್ರಾಯ ಕಳಿಸಲು ಮೊದಲು 75 ದಿನ ಸಮಯ ಕೊಟ್ಟಿದ್ದರು. ಆಮೇಲೆ ಸೆಪ್ಟೆಂಬರ್‌ವರೆಗೆ ವಿಸ್ತರಿಸಿದರು. ಅಂತಿಮ ನಿಯಮ ಬಂದದ್ದು 2023ರ ನವೆಂಬರ್‌ನಲ್ಲಿ. ಸಣ್ಣ ವಲಯದ ಮೂಲ ವಿಚಾರ ಉಳಿಯಿತು, ಹಾಗಾಗಿ ಬರೆದದ್ದೆಲ್ಲ ನಡೆಯುತ್ತದೆ ಅಂತ ನಂಬಬೇಡಿ. ಆದರೂ ಬರೆಯಿರಿ. ಅಮೆರಿಕದ ಪ್ರಜೆಯೇ ಆಗಿರಬೇಕು ಅಂತೇನೂ ಇಲ್ಲ. ಕಳಿಸಿದ್ದು ಎಲ್ಲರಿಗೂ ಕಾಣುತ್ತದೆ, ಅದಕ್ಕೇ ಮನೆ ವಿಳಾಸ, ಫೋನ್ ನಂಬರ್ ಮಾತ್ರ ಹಾಕಬೇಡಿ.